ನೀನು ಬಿಟ್ಟು ಹೋದ ಕೋಳಿಗಳು

ಭೀಮನಬೀಡು
೧೪-೧೨-೧೯೯೬

ಸೊಸೆ ಗಂಗಾಂಬಿಕೆಗೆ ಅತ್ತೆಯ ಆಶೀರ್ವಾದ. ಮೊಮ್ಮಗಳ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು.

ಬಾಣಂತನ ಮುಗಿದು ಇಷ್ಟು ದಿನವಾದರೂ ನೀನು ತವರು ಬಿಟ್ಟು ಸಂತೆಮರಹಳ್ಳಿಯಿಂದ ಹೊರಡಲಿಲ್ಲ. ಕಾರಣ ಗೊತ್ತು. ಲಿಂಗಪೂಜೆಯ ಮನೆಯಲ್ಲಿ ಕೋಳಿ ಬೇಡ ಎಂದೆ ನಾನು; ಗೊಬ್ಬರಕ್ಕಷ್ಟೇ, ಕೊಯ್ಯುವುದಕ್ಕಲ್ಲ ಎಂದೆ ನೀನು. ಅವನ್ನು ಓಡಿಸಿದರೆ ಈ ಮನೆಗೆ ಬರುವುದಿಲ್ಲ ಎಂದು ರಾಜಶೇಖರನ ಹತ್ತಿರ ಹೇಳಿ ಕಳಿಸಿದ್ದೀಯಂತೆ. ಗಂಡನ ಕೈಲಿ ಅತ್ತೆಗೆ ಬೆದರಿಕೆ! ಇರಲಿ, ಇನ್ನೂ ಓಡಿಸಿಲ್ಲ.

ನೀನು ಹೋದ ಹೊಸದರಲ್ಲಿ ಹಿತ್ತಿಲಿಗೆ ಕಾಲಿಟ್ಟಾಗಲೆಲ್ಲ ತಲೆಗೆ ಸ್ನಾನ ಮಾಡಿದೆ. ನೀರೊಲೆಯ ಸೌದೆಯೆಲ್ಲ ಖಾಲಿ. ಆಮೇಲೆ ಪೂಜೆ ಮುಗಿಸಿಕೊಂಡೇ ಹಿತ್ತಿಲಿಗೆ ಹೋಗತೊಡಗಿದೆ. ಮರುದಿನದ ಸ್ನಾನ ಹೇಗೂ ಇದ್ದೇ ಇದೆಯಲ್ಲ!

ಹಿತ್ತಿಲಿಗೆ ಹೋದ ಮೇಲೆ ಕೈಕಟ್ಟಿ ನಿಲ್ಲುವುದು ಹೇಗೆ? ನಿಮ್ಮಣ್ಣ ತಂದುಕೊಟ್ಟ ಮೇವು ಕತ್ತರಿಸುವ ಯಂತ್ರವನ್ನು ಆಡಿಕೊಂಡಿದ್ದೆನಲ್ಲ, ಅದರ ಚಕ್ರ ತಿರುಗಿಸಿ ನೋಡಿದೆ. ಮಚ್ಚಿನಲ್ಲಿ ಕೊಚ್ಚಿ ಕೊಚ್ಚಿ ತೋಳು ಬಿದ್ದುಹೋಗುತ್ತಿದ್ದ ಜೋಳದ ಕಡ್ಡಿ ಚೂರುಚೂರು. ಸಗಣಿ, ತರಗೆಲೆ ಸೇರಿಸಿ ಗೊಬ್ಬರಕ್ಕೆ ಗುಡ್ಡೆ ಹಾಕಿದ್ದೇ ತಡ, ಕೋಳಿಗಳು ನುಗ್ಗಿದವು. ಹುಳ ಹುಡುಕುತ್ತಾ ಗುಡ್ಡೆಯನ್ನೇ ತಿರುವಿ ಹಾಕಿದವು. ರಾಜಶೇಖರ ಸೊಂಟ ಹಿಡಿದುಕೊಂಡು ಮಾಡುತ್ತಿದ್ದ ಕೆಲಸ! ಸಂಜೆ ಮತ್ತೆ ಒಟ್ಟು ಮಾಡುವುದಷ್ಟೇ ನಮ್ಮ ಪಾಲಿಗೆ. ಹೊಲದ ಕೆಲಸಕ್ಕೆ ಬರುವ ಮೂಗಮ್ಮನನ್ನು ಕರೆದು ತೋರಿಸಿದರೆ, "ಕೋಳಿ ಕೆದಕ್ದೆ ಇನ್ನೇನ್ ಮಾಡದು, ಬುಡ್ರವ್ವ" ಎಂದು ನಕ್ಕಳು. ಅವಳು ಕೋಳಿಗಳ ಜೊತೆ ಬೆಳೆದವಳು, ನನಗೆ ಇದೆಲ್ಲ ಹೊಸದು.

ನನಗೆ ಅನುಮಾನಗಳು ಮುಗಿಯುತ್ತಿಲ್ಲ. ಗುಡ್ಡೆಯೊಳಗೆ ಕೈಯಿಟ್ಟರೆ ಚುರ್ ಎನ್ನುತ್ತದೆ. ಬೆಂಕಿಯಿಲ್ಲದೆ ಬಿಸಿ ಎಲ್ಲಿಂದ? ಕಪ್ಪು ಕೋಳಿ ಅಂಚನ್ನಷ್ಟೇ ಕೆದಕುತ್ತದೆ. ನಡುವಿಗೆ ಹೋಗದಿರುವುದು ಬಿಸಿಗೋ, ಕೆಂಪು ಕೋಳಿಗೆ ಹೆದರಿಯೋ? ರಾಜಶೇಖರನನ್ನು ಕೇಳಿದರೆ, "ನಂಗೇನ್ ಗೊತ್ತು, ಅವಳ್ನೇ ಕೇಳವ್ವ" ಎನ್ನುತ್ತಾನೆ. ಕಾಗದದಲ್ಲಿ ಉತ್ತರ ಬರೆಯಬೇಡ, ಬಂದು ತೋರಿಸು. ನೀನೂ ಮಗುವೂ ಇಲ್ಲದೆ ನನಗೆ ಬೇಸರವಾಗಿದೆ ಗಂಗಾ.

ಆದರೆ ಒಂದು ಮಾತು. ಕೋಳಿ ಹಿತ್ತಿಲಲ್ಲೇ ಇರಬೇಕು, ಹೊಸ್ತಿಲು ದಾಟಕೂಡದು. ಅದರಲ್ಲಿ ನಾನು ಜಗ್ಗುವವಳಲ್ಲ.

ನಿನ್ನ ದಾರಿ ನೋಡುತ್ತಿರುವ ಅತ್ತೆ,
ಗುರುಮಲ್ಲಮ್ಮ

ಮರೆತಿದ್ದೆ: ಕೆಂಪು ಕೋಳಿ ಕಾವಿಗೆ ಕೂತಿದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬೀಸುವ ಚಳಿಗಾಳಿಯಲ್ಲಿ ಅದನ್ನು ಹೊರಗೆ ಬಿಡಲು ಮನಸ್ಸಾಗಲಿಲ್ಲ. ಬುಟ್ಟಿಗೆ ನನ್ನ ಹಳೇ ಸೀರೆ ಹಾಸಿ, ಬಚ್ಚಲುಮನೆಯಲ್ಲಿ ನೀರೊಲೆಯ ಪಕ್ಕ ಇಟ್ಟಿದ್ದೇನೆ. ನಿನಗೂ ಮಗುವಿಗೂ ನಾನು ನೀರು ಹೊಯ್ಯುವಾಗ ಎದ್ದು ಓಡುತ್ತದೋ, ಕೂತೇ ಇರುತ್ತದೋ, ನೋಡಬೇಕು. ಮರಿಯಾಗುವುದರೊಳಗೆ ಬಾ.