ಶಲ್ಯವೈದ್ಯರ ಬೋರ್ಡು

ಡಾಕ್ಟರ್ ಅಣ್ಣನಿಗೆ,

ನಿನ್ನ ಕ್ಲಿನಿಕ್ಕಿನ ಬೋರ್ಡು ಸಿದ್ಧವಾಗಿದೆ. ‘ಸರ್ಜನ್ ಅಂತ ಎಲ್ರೂ ಬರೆಸ್ತಾರೆ, ನಂಗೆ ಹಳೇ ಪದ ಹಾಕು’ ಅಂದಿದ್ದೆ. ‘ಶಲ್ಯವೈದ್ಯ’ ಎಂದೇ ಬರೆದಿದ್ದೇನೆ. ಬರೆಯುವ ಮುಂಚೆ ನಿಘಂಟು ನೋಡಿದೆ. ಶಲ್ಯವೆಂದರೆ ಮೈಯೊಳಗೆ ಮುರಿದು ಉಳಿದ ಬಾಣದ ಮೊನೆಯಂತೆ. ಅದನ್ನು ಹೊರಗೆ ತೆಗೆಯುವವನು ಶಲ್ಯವೈದ್ಯ.

ಅಮ್ಮನ ಆಪರೇಷನ್ನಿನಲ್ಲಿ ನರ್ಸು ‘ಡಾಕ್ಟ್ರೇ, ರಕ್ತ ಒರೆಸೋ ಬಟ್ಟೆ ಒಂದು ಕಮ್ಮಿ ಬರ್ತಿದೆ’ ಅಂದಾಗ ನೀನು ‘ನಂಗೇ ಎಣಿಸೋಕೆ ಹೇಳ್ಕೊಡ್ತೀಯಾ?’ ಎಂದು ಗದರಿ ಹೊಟ್ಟೆ ಹೊಲಿದೆಯಂತೆ. ಅವಳೇ ಬಂದು ಹೇಳಿದಳು. ಆಮೇಲೆ ಐದು ತಿಂಗಳು ಅಮ್ಮ ನೋವೆಂದು ನರಳಿದಾಗಲೆಲ್ಲ ನೀನು ‘ವಯಸ್ಸಾಯ್ತಲ್ಲ’ ಎಂದೆ. ಕೊನೆಗೆ ಆ ಬಟ್ಟೆಯನ್ನು ಹೊರಗೆ ತೆಗೆದವರು ಶವಪರೀಕ್ಷೆಯ ಡಾಕ್ಟರು.

ಹಾಗಾಗಿ ಬೋರ್ಡಿನಲ್ಲಿ ಆ ಪದದ ಕೆಳಗೆ ಬರೆದಿರುವುದು ಅವರ ಹೆಸರು. ಬಣ್ಣ ಒಣಗಿದೆ, ಯಾರನ್ನಾದರೂ ಕಳಿಸಿ ತರಿಸಿಕೋ.

ಇಂತಿ ನಿನ್ನ ತಮ್ಮ,
ಪೇಂಟರ್