ದಿಂಬಿನ ಕೆಳಗಿನ ಡಬ್ಬಿ

ಮಾರ್ಚ್ 3, ಬೆಳಿಗ್ಗೆ 6.50
ವಾರ್ಡಲ್ಲಿ ಒಂಬತ್ತು ಜನ. ಬಿ.ಪಿ. ನೋಡಿದ್ದಾಯ್ತು, ಆಪರೇಷನ್ ಫಾರಂ ತುಂಬಿಸಿದ್ದಾಯ್ತು. ಕೊನೇ ಪ್ರಶ್ನೆ — ಬೇರೆ ಮದ್ದು, ಪುಡಿ ಏನಾದ್ರೂ ತಗೊಳ್ತೀರಾ? ಎಲ್ಲರದೂ ಒಂದೇ ಉತ್ತರ. ಏನೂ ಇಲ್ಲ ಸಿಸ್ಟರ್.

ಬೆಡ್‌ಶೀಟ್ ಇಡ್ತಿದ್ದ ಆರನೇ ರೂಮನ್ನ ನಾಟಿ ಮದ್ದಿನ ಹೆಂಗಸಿಗೆ ಕೊಟ್ಟಿದ್ದಾರೆ. ದೊಡ್ಡ ಡಾಕ್ಟರ ಆರ್ಡರ್ — ಇಬ್ಬರೂ ಸೇರಿ ರೋಗಿ ನೋಡ್ಕೊಳ್ಳಿ ಅಂತ. ಬೇರಮ್ಮ ಅಂತ ಹೆಸರಿಟ್ಟೆ ಅವಳಿಗೆ. ಇಪ್ಪತ್ತು ವರ್ಷ ಇಲ್ಲಿ ಜೀವ ತೇಯ್ದವಳು ನಾನು, ರೂಮು ಅವಳಿಗೆ! ಬೆಡ್‌ಶೀಟ್ ಎಲ್ಲಿಡೋದು, ನನ್ನ ತಲೆ ಮೇಲಾ?

ಮಾರ್ಚ್ 5
ಆ ಒಂಬತ್ತು ಜನರಲ್ಲಿ ಒಬ್ಬ ಬಡಗಿ. ಅವನ ದಿಂಬಿನ ಕೆಳಗೆ ಸ್ಟೀಲ್ ಡಬ್ಬಿ. ಒಳಗೆ ಯಾವುದೋ ಪುಡಿ. ಮೊನ್ನೆ ತಾನೇ "ಏನೂ ಇಲ್ಲ" ಅಂದಿದ್ದ ಮಹಾರಾಯ! ಮೈಯೆಲ್ಲ ಉರಿದುಹೋಯ್ತು. ಎಲ್ಲರ ಮುಂದೆ ಚೆನ್ನಾಗಿ ಜಾಡಿಸಿದೆ. ಡಬ್ಬಿ ಸಮೇತ ಕಸದ ಬುಟ್ಟಿಗೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮಂಡಿ ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆಗೆ ಬಂದಿದ್ದಳು. "ಏನೇ, ಹಿಂಗಾ ಬೈಯೋದು?" ಅಂದಳು. ಬೈದ್ರೇನೇ ಬುದ್ಧಿ ಬರೋದು ಅಂದೆ.

ಮಾರ್ಚ್ 11, ಮಧ್ಯಾಹ್ನ 2
ಅಕ್ಕ ಅಡ್ಮಿಟ್. ನಾಳೆ ಎಂಟಕ್ಕೆ ಆಪರೇಷನ್. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು, ಈಗ ಎರಡು ಮೆಟ್ಟಿಲು ಹತ್ತೋಕೂ ಅಳ್ತಾಳೆ. ಫಾರಂ ನಾನೇ ತುಂಬಿದೆ. "ಬೇರೆ ಏನಾದ್ರೂ?" "ಏನೂ ಇಲ್ಲ ಕಣೇ." ಟಿಕ್ ಹಾಕಿದೆ.

ಸಂಜೆ 5


ಬೇರಮ್ಮ ವಾರ್ಡಿಗೇ ಬಂದಳು, ಕೈಯಲ್ಲಿ ಪುಡಿ ಪೊಟ್ಟಣ. "ಸಿಸ್ಟರ್, ನಿಮ್ಮಕ್ಕ ನನ್ನ ಹತ್ರ ಬಂದು, ಇದನ್ನ ನಾಳೆನೂ ಕುಡೀಬಹುದಾ ಅಂತ ಕೇಳಿದ್ರು. ಪೇಟೇಲಿ ತಗೊಂಡಿದ್ದಂತೆ. ನಾಲ್ಕು ತಿಂಗಳಿಂದ ಕುಡೀತಿದ್ದಾರೆ. ಇದು ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ. ಮೊದ್ಲು ಡಾಕ್ಟ್ರಿಗೆ ಹೇಳಿ."

ಓಡಿದೆ. ಅರಿವಳಿಕೆ ಡಾಕ್ಟರು ಬೇರಮ್ಮನನ್ನ ಕೂರಿಸಿ, ಒಂದೊಂದೇ ಕೇಳಿ ಬರ್ಕೊಂಡ್ರು. ಆಪರೇಷನ್ ಎರಡು ವಾರ ಮುಂದಕ್ಕೆ.

"ನನಗ್ಯಾಕೆ ಹೇಳಲಿಲ್ಲ ಅಕ್ಕಾ?"

"ಆ ಬಡಗಿ ಮುಖ ನೋಡಿದ್ನಲ್ಲೇ ಅವತ್ತು."

ನಾಳೆ ಅವಳು ಟೇಬಲ್ ಮೇಲೆ... ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಮಾರ್ಚ್ 17
ಐದು ದಿನ ಏನೂ ಬರೆಯೋಕಾಗಲಿಲ್ಲ. ನಾಚಿಕೆ.

ಇವತ್ತು ಆರನೇ ರೂಮಿಗೆ ಹೋದೆ. "ಫಾರಂ ತುಂಬುವಾಗ ನೀವೂ ಬನ್ನಿ" ಅಂದೆ. ಬಂದಳು. ಒಬ್ಬೊಬ್ಬ ರೋಗಿಯ ಮಂಚದ ಪಕ್ಕ ಕೂತು ಹರಟೆ ಶುರು — ಬೆಳಿಗ್ಗೆ ಎದ್ದು ಏನು ಕುಡೀತೀಯಾ, ಮಲಗುವಾಗ ಎಲ್ಲಿಗೆ ಎಣ್ಣೆ ಹಚ್ತೀಯಾ... ಅಬ್ಬಬ್ಬಾ, ಏಳು ಡಬ್ಬಿ ಹೊರಗೆ ಬಂತು! ನಾನು ಬಾಯಿ ಬಿಡಲಿಲ್ಲ, ಬರೆದೆ ಅಷ್ಟೆ. ನಾಲಿಗೆ ಕಚ್ಚಿ ಕಚ್ಚಿ ಹುಣ್ಣಾಗಿದೆ.

ಎದೇಲಿ ಗಂಟು ಅಂತ ಅವಳ ಹತ್ರ ಮದ್ದಿಗೆ ಬಂದ ಹೆಂಗಸಿನ ಕೈ ಹಿಡಿದು, ತಾನೇ ಸ್ಕ್ಯಾನಿಂಗ್‌ಗೆ ಕರ್ಕೊಂಡು ಹೋದಳು. ಇನ್ಮೇಲೆ ಬೇರಮ್ಮ ಅನ್ನಬಾರದು.

ಮಾರ್ಚ್ 20
ಬಡಗಿ ಹೊಲಿಗೆ ಬಿಚ್ಚಿಸೋಕೆ ಬಂದಿದ್ದ. ಕ್ಷಮಿಸಪ್ಪಾ ಅಂದೆ. "ಪುಡಿ ಹೋಗ್ಲಿ ಸಿಸ್ಟರ್. ಡಬ್ಬಿ ನನ್ನ ಹೆಂಡ್ತಿದು. ದಿನಾ ಕೇಳ್ತಾಳೆ." ನಮ್ಮನೇದೊಂದು ತಂದುಕೊಡಬೇಕು.

ಮಾರ್ಚ್ 26, ಬೆಳಿಗ್ಗೆ 7
ಮತ್ತೆ ಫಾರಂ. ಅಕ್ಕನ ಪಕ್ಕ ಕೂತು ಕೇಳಿದೆ. ಪುಡಿ ನಿಲ್ಲಿಸಿ ಹದಿನೈದು ದಿನ. ರಕ್ತದ ರಿಪೋರ್ಟ್ ಸರಿಯಾಗಿದೆ. "ಇನ್ನೇನಾದ್ರೂ?" ಸೆರಗು ತಿರುವಿದಳು. "ನಿನ್ನ ಬೀರುವಿಂದ ನಿದ್ದೆ ಮಾತ್ರೆ... ನಾಲ್ಕು ಸಲ."

ಕಳ್ಳಿ! ಬೈಗುಳ ಗಂಟಲವರೆಗೂ ಬಂತು. ನುಂಗಿದೆ. ಬರೆದೆ. ಡಾಕ್ಟರಿಗೆ ಹೇಳಿದೆ. ಪರವಾಗಿಲ್ಲ ಅಂದ್ರು.

11.40
ಥಿಯೇಟರ್ ಹೊರಗೆ ಬೆಂಚು. ಬೇರಮ್ಮ (ಬಾಯಿಗೆ ಅದೇ ಬರುತ್ತೆ, ಅವಳೂ ಓ ಅಂತಾಳೆ) ಪಕ್ಕದಲ್ಲೇ ಕೂತಿದ್ದಾಳೆ.

ಬಾಗಿಲು ತೆಗೀತು. ಒಳಗಿನ ನರ್ಸ್ ನಗ್ತಿದ್ದಾಳೆ. "ಎಲ್ಲ ಚೆನ್ನಾಗಾಯ್ತು ಸಿಸ್ಟರ್. ನಿಮ್ಮಕ್ಕ ಕೇಳ್ತಿದ್ದಾರೆ — ಮಾತ್ರೆ ಕದ್ದಿದ್ದಕ್ಕೆ ಬೈಯೋದಿದ್ರೆ ಈಗ ಬರಬಹುದಂತೆ."

ಅಳು ತಡೆಯೋಕಾಗ್ತಿಲ್ಲ. ಪೆನ್ನು ಬೇರಮ್ಮನ ಕೈಗೆ ಕೊಟ್ಟು ಹೋಗಿ ಒಂದೇ ಒಂದು ಸಲ ಬೈದು ಬರ್ತೀನಿ.