ಊಟ ತಣ್ಣಗಾಗುವ ಪುಸ್ತಕಗಳು

ಅಪ್ಪ,

ಈ ಕಾಗದ ಎಲ್ಲಿಗೂ ಹೋಗುವುದಿಲ್ಲ, ಗೊತ್ತು. ಆದರೂ ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಇವತ್ತು ನಿನ್ನ ಬಾಡಿಗೆ ಪುಸ್ತಕದಂಗಡಿಯಲ್ಲೇ ನನಗೆ ಮಂಗಳಾರತಿ ಆಯಿತು.

ಎದುರು ಮನೆಯ ದರ್ಜಿಯಮ್ಮ ಬಂದು, "ಊಟ ತಣ್ಣಗಾಗೋದು ಒಂದು ಕೊಡು" ಅಂದರು. ನಾನು ಪತ್ತೇದಾರಿ ಕಪಾಟು ತೋರಿಸಿದೆ.

"ಪತ್ತೇದಾರಿಯೋ ಪ್ರೇಮವೋ, ಅದನ್ನ ಕಟ್ಕೊಂಡು ನನಗೇನು? ಕೈಗೆತ್ತಿಕೊಂಡ್ರೆ ಊಟ ಮರೀಬೇಕು. ನಿಮ್ಮಪ್ಪ ಹಾಗಂತಾನೇ ಪುಸ್ತಕಕ್ಕೆ ಚೀಟಿ ಬರೆದು ಅಂಟಿಸ್ತಿದ್ರು. ಟೀವಿ ಧಾರಾವಾಹಿ ನೋಡ್ತಾ ಕೂತ್ರೆ ಊಟ ಬಿಸಿಬಿಸಿಯಾಗೇ ಮುಗಿಯುತ್ತೆ, ಅದೇ ಅದರ ದೋಷ ಅಂತಿದ್ರು. ನೀನು ಆ ಚೀಟಿಗಳ ಮೇಲೆ ಇದೇನು ಮೆತ್ತಿದ್ದೀಯ?"

ಮೆತ್ತಿದ್ದು ನಿಜ. ನೀನು ತೀರಿಕೊಂಡ ಮೇಲೆ ನಿನ್ನ ಕೈಬರಹವನ್ನು ಓದುವ ಗೋಜಿಗೂ ಹೋಗದೆ, 'ಸಾಮಾಜಿಕ', 'ಪ್ರೇಮ', 'ಪತ್ತೇದಾರಿ' ಎಂದು ಅಚ್ಚು ಹಾಕಿಸಿ ಅಂಟಿಸಿಬಿಟ್ಟಿದ್ದೆ. ಇಬ್ಬರೂ ನೆಲದ ಮೇಲೆ ಕೂತು, ಒದ್ದೆ ಬಟ್ಟೆ ಒತ್ತಿ, ಒಂದೊಂದನ್ನೇ ಕಿತ್ತೆವು.

'ಬಸ್ಸಿನಲ್ಲಿ ಓದಬೇಡಿ, ಇಳಿಯೋ ಜಾಗ ತಪ್ಪುತ್ತೆ.' 'ಕೊಲೆಗಾರ ಮೂರನೇ ಪುಟದಲ್ಲೇ ಗೊತ್ತಾಗ್ತಾನೆ, ಆದ್ರೂ ಬಿಡೋಕಾಗಲ್ಲ.' ದರ್ಜಿಯಮ್ಮ ಓದಿದ್ದೇ ಓದಿದ್ದು, ನಾವು ನಕ್ಕಿದ್ದೇ ನಕ್ಕಿದ್ದು.

ಕಪಾಟಿನ ತುದಿಯಲ್ಲಿ ನಾನು ಬರೆದ ಒಂದೇ ಒಂದು ಕಾದಂಬರಿ ಇತ್ತು. ಹೇಗಿದೆ ಎಂದು ನಾನು ಕೇಳಿರಲಿಲ್ಲ, ನೀನೂ ಹೇಳಿರಲಿಲ್ಲ. ಅದಕ್ಕೆ ಅಂಟಿಸಿದ್ದ 'ಗಂಭೀರ ಸಾಹಿತ್ಯ' ಎಂಬ ಚೀಟಿಯನ್ನು ನಾನೇ ಕಿತ್ತೆ. ಅಡಿಯಲ್ಲಿ ನಿನ್ನ ಅಕ್ಷರವಿತ್ತು:

'ಊಟ ತಣ್ಣಗಾಯಿತು. ಎರಡು ಸಲ.'